ಅಡ್ಡ ಮಲಗಿದ ಈನಕ್

ಕೆಂಟಕಿಯ ಆ ಗುಡ್ಡದ ಮೇಲೆ ಪ್ರೇಟರ್ ಮನೆತನದವರೆಲ್ಲ ಪೂರ್ವಕ್ಕೆ ಕಾಲು ಚಾಚಿ ಮಲಗಿದ್ದರು, ಲೋಕದ ಕೊನೆಯ ದಿನ ಗೋರಿಯಿಂದ ಎದ್ದು ಕೂತರೆ ದೇವರು ಎದುರಿಗೇ ಬರಲೆಂದು. ಒಬ್ಬ ಮಾತ್ರ ಅಡ್ಡ ಮಲಗಿದ್ದ.

ಅಂದು ಸಮಾಧಿಗಳಿಗೆ ಹೂವಿಡುವ ಭಾನುವಾರ. ಸಿನ್ಸಿನಾಟಿಯಿಂದ ಕೂಸನ್ನೆತ್ತಿಕೊಂಡು ಬಂದಿದ್ದ ಲೊರೀನಾ ಆ ಅಡ್ಡ ಕಲ್ಲಿನ ಪಾಚಿ ಉಜ್ಜಿ ಹೆಸರು ಓದಿದಳು. ಈನಕ್, ಅವಳ ಮುತ್ತಜ್ಜ. ಹೊರಗಿನವರು ಹೊಂಚುಹಾಕಿ ಕೊಂದ ವೀರನೆಂದು ಕೇಳಿಯೇ ಬೆಳೆದಿದ್ದಳು. ಮಗನಿಗೆ ಅವನ ಹೆಸರಿಡುವುದಾಗಿ ಊಟದ ಹೊತ್ತಿಗೆ ಎಲ್ಲರೆದುರು ಹೇಳುವವಳಿದ್ದಳು.

"ಅತ್ತೆ, ಇವನ್ಯಾಕೆ ಅಡ್ಡ? ಜಾಗ ಸಾಲಲಿಲ್ವಾ?"

"ಗುಡ್ಡಕ್ಕೆ ಗುಡ್ಡವೇ ಖಾಲಿ ಬಿದ್ದಿದೆ. ಓದಿದವಳಿಗೆ ಕಣ್ಣು ಕಾಣಲ್ವೇನೇ?" ಎಂದಳು ಸೋದರತ್ತೆ ಆರ್ಫಾ. ಆಮೇಲೆ ಕಳೆ ಕೀಳುತ್ತಲೇ ನಡೆದದ್ದನ್ನು ಹೇಳಿದಳು.

ಆಗೆಲ್ಲ ಹಂದಿಗಳನ್ನು ಕಾಡಿಗೆ ಬಿಡುತ್ತಿದ್ದರು. ಯಾರದೆಂದು ತಿಳಿಯಲು ಕಿವಿ ಸೀಳುತ್ತಿದ್ದರು. ಈನಕ್‌ನ ಹಂದಿಗೆ ಬಲಗಿವಿ, ತಮ್ಮ ಏಸಾನದಕ್ಕೆ ಎಡಗಿವಿ. ಮೊದಲ ಹಿಮ ಬಿದ್ದ ಬೆಳಿಗ್ಗೆ ಏಸಾ ಅಂಗಳದಲ್ಲಿ ಹಂದಿ ಕೆಡವಿದ್ದ. ಸೀಳಿದ ಬಲಗಿವಿ ಬೇಲಿಯಾಚೆಯಿಂದಲೇ ಈನಕ್‌ಗೆ ಕಂಡಿತು. ಒಂದು ಮಾತೂ ಕೇಳಲಿಲ್ಲ. ಕೊಡಲಿಯ ಹಿಂಬದಿಯಿಂದ ತಮ್ಮನ ತಲೆಗೆ ಬಾರಿಸಿದ. ಬಿದ್ದವನು ಕೈಯೂರಿ ಏಳಹೊರಟಾಗ ಅಲಗಿನಿಂದ ಕುತ್ತಿಗೆಗೆ ಕೊಟ್ಟ. ಹಂದಿಯ ರಕ್ತ, ತಮ್ಮನ ರಕ್ತ ಒಂದೇ ಹೊಂಡದಲ್ಲಿ ಹಬೆಯಾಡಿದವು. ತನ್ನ ಮಾಲೆಂದು ತಾನೇ ಕುದಿನೀರು ಹೊಯ್ದು ಹಂದಿಯ ಕೂದಲು ಹೆರೆದ. ಎಡಗಿವಿಯಲ್ಲಿ ಏಸಾನ ಗುರುತು ನೀಟಾಗಿ ಎದ್ದು ಕಂಡಿತು. ಬಲಗಿವಿಯದು ನಾಯಿ ಹರಿದ ಗಾಯ, ಹಲ್ಲೂರಿದ ಕಲೆ ಹಾಗೇ ಇತ್ತು.

"ಅಷ್ಟರಲ್ಲಿ ಏಸಾನ ಹೆಂಡತಿ ಬಂದೂಕು ತಂದು ಇವನ ಹೊಟ್ಟೆಗೆ ಹಾರಿಸಿದ್ಲು. ಕರುಳು ಕೈಯಲ್ಲಿ ಹಿಡ್ಕೊಂಡು ಸಂಜೆತನಕ ಒದ್ದಾಡಿದ. ಯಾರೂ ನೀರು ಕೊಡಲಿಲ್ಲ. ನಮ್ಮಪ್ಪ ಅವನ ಸ್ವಂತ ಮಗ, ಅವನೂ ಕೊಡಲಿಲ್ಲ. ದೇವರ ಮುಖ ನೇರ ನೋಡಬಾರದು ಅಂತ ಹೀಗೆ ಹೂತ್ರು."

"ಹೊರಗಿನವರು ಕೊಂದ್ರು ಅಂತಿದ್ರಲ್ಲ ಎಲ್ಲರೂ?"

"ಮಕ್ಕಳಿಗೆ ಇನ್ನೇನು ಹೇಳೋದು?"

"ಏಸಾ ಎಲ್ಲಿ?"

"ಹೆಂಡತಿ ಗಾಡೀಲಿ ಹಾಕ್ಕೊಂಡು ತೌರಿಗೆ ಒಯ್ದಳು. ಅವನ ಹೆಸರು ನಮ್ಮನೇಲಿ ಯಾರೂ ಎತ್ತಲ್ಲ. ನೀನೂ ಎತ್ತಬೇಡ."

ಕೂಸು ಲೊರೀನಾಳ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿತು. ಎಲ್ಲ ಕೂಸುಗಳೂ ಜಗ್ಗುತ್ತವೆ ಎಂದುಕೊಂಡಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಮರದಡಿ ಜೋಳದ ರೊಟ್ಟಿ, ಹುರಿದ ಕೋಳಿ ಹರಡಿದ್ದರು. ಚಿಕ್ಕಪ್ಪ ಕೂಸಿನ ಗಲ್ಲ ಹಿಂಡಿ ನಕ್ಕ. "ಏನಮ್ಮಾ ಹೆಸರು ನಮ್ಮ ಪೈಲ್ವಾನನಿಗೆ? ಈನಕ್ ತಾನೇ?"

"ಏಸಾ," ಎಂದಳು ಲೊರೀನಾ.

ಕೋಳಿಯ ಕೀಲು ಕತ್ತರಿಸುತ್ತಿದ್ದ ಆರ್ಫಾಳ ಚಾಕು ಅಲ್ಲೇ ನಿಂತಿತು.