ಕಲ್ಯಾಣದ ಆಸ್ಪತ್ರೆಯ ಎರಡನೇ ಕೇಬಲ್

ಕಲ್ಯಾಣದ ಆ ಸಣ್ಣ ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರಗಳು ನೆಲಮಹಡಿಯಲ್ಲಿದ್ದವು. ಚಿತ್ರ ನೋಡಿ ವರದಿ ಬರೆಯುವ ಡಾಕ್ಟರು ಕೂರುತ್ತಿದ್ದದ್ದು ನಾಲ್ಕನೇ ಮಹಡಿಯಲ್ಲಿ. ಎರಡು ಮಹಡಿಗಳ ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ ಪೆಟ್ಟಿಗೆಗಳ ನಡುವೆ ಇದ್ದದ್ದು ಒಂದೇ ಕೇಬಲ್. ಹೊರರೋಗಿಗಳು ಸೇರುವ ಹೊತ್ತಿಗೆ ಚಿತ್ರಗಳು ತೆವಳುತ್ತಿದ್ದವು. ಅಲ್ಲಿನ ನೆಟ್‌ವರ್ಕಿನ ಗುತ್ತಿಗೆ ನಮ್ಮ ಕಂಪನಿಯದು. ಮೈಸೂರಿನಿಂದ ಬಂದು ಪಕ್ಕದ ಡೊಂಬಿವಲಿಯಲ್ಲಿ ಮನೆ ಮಾಡಿದ್ದ ನನಗೆ ಆ ಕೆಲಸ ವಹಿಸಿದರು.

ಇನ್ನೊಂದು ಕೇಬಲ್ ಎಳೆಸಿದೆ. ಸುಮ್ಮನೆ ಚುಚ್ಚಿದರೆ ಸ್ವಿಚ್ ಒಂದನ್ನು ತಡೆದು ಇನ್ನೊಂದನ್ನಷ್ಟೇ ಬಳಸುತ್ತದೆ. ಎರಡೂ ಸೇರಿ ಒಂದೇ ದಾರಿ ಎಂದು ಎರಡೂ ಕಡೆಯ ಸ್ವಿಚ್‌ಗಳಿಗೆ ಹೇಳಿಕೊಡಬೇಕು. ಆಗ ಹೊರೆ ಹಂಚಿಹೋಗುತ್ತದೆ, ಒಂದು ಕೆಟ್ಟರೆ ಎಲ್ಲವನ್ನೂ ಇನ್ನೊಂದು ಹೊರುತ್ತದೆ. ಕೇಬಲ್ ಎಳೆದವರು ನಮ್ಮ ಕಂಪನಿಯವರೇ, ನನಗಿಂತ ತುಂಬಾ ಹಿರಿಯರು, ಉಡುಪಿ ಕಡೆಯವರು. ಹಳೆಯದು ಲಿಫ್ಟ್ ಪಕ್ಕದಲ್ಲಿದ್ದುದರಿಂದ ಹೊಸದನ್ನು ಹಿಂದಿನ ಮೆಟ್ಟಿಲಿನ ಕಡೆಯಿಂದ ತಂದರು.

"ಒಂದೇ ಪೈಪಲ್ಲಿ ಹಾಕಿದ್ರೆ ಎರಡೂ ಒಟ್ಟಿಗೇ ಹೋಗ್ತದೆ ಮಾರಾಯ್ರೆ," ಎಂದರು.

ಡಾಕ್ಟರ ಎದುರಿಗೇ ಒಂದು ಕೇಬಲ್ ಕಿತ್ತು ತೋರಿಸಿದೆ. ಚಿತ್ರ ನಿಲ್ಲದೆ ಬಂತು. ಅವರು ಸಮಾಧಾನದಿಂದ ತಲೆಯಾಡಿಸಿದರು.

ಯಾವುದೇ ಕೇಬಲ್ ಸತ್ತರೆ ನನಗೆ ಮೇಲ್ ಬರುವ ಏರ್ಪಾಡೂ ಇತ್ತು. ಆದರೆ ಯಾರೋ ಕಂಪ್ಯೂಟರ್ ಆರಿಸಿ ಮನೆಗೆ ಹೋದರೂ ಮೇಲ್ ಬರುತ್ತಿತ್ತು. ರೇಜಿಗೆಯಾಗಿ ಒಂದು ದಿನ ಎಲ್ಲ ಮೇಲ್‌ಗಳನ್ನೂ ನಿಲ್ಲಿಸಿಬಿಟ್ಟೆ.

ಕೆಲವು ತಿಂಗಳ ನಂತರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು: ಮೇಲಿನ ಮಹಡಿಗೆ ಒಂದು ಚಿತ್ರವೂ ಬರುತ್ತಿಲ್ಲ. ಸಿಕ್ಕ ಲೋಕಲ್ ರೈಲು ಹತ್ತಿ ಹೋದೆ. ಲಿಫ್ಟ್ ಪಕ್ಕದಲ್ಲಿ ಕಪಾಟು ಕೂರಿಸುತ್ತಿದ್ದ ಬಡಗಿಯ ಡ್ರಿಲ್ ಹಳೆಯ ಕೇಬಲನ್ನು ಕತ್ತರಿಸಿತ್ತು. ಹಾಗಾದರೆ ಇನ್ನೊಂದು? ಸ್ವಿಚ್‌ನ ದಾಖಲೆ ತೆರೆದೆ. ಹೊಸ ಕೇಬಲ್ ಸತ್ತು ಆರು ವಾರಗಳಾಗಿದ್ದವು. ಹಿಂದಿನ ಮೆಟ್ಟಿಲ ಬಳಿ ಎಸಿಯ ನೀರು ತೊಟ್ಟಿಕ್ಕಿ ಸಾಕೆಟ್ ಕಿಲುಬು ಹಿಡಿದಿತ್ತು.

ಅಷ್ಟರಲ್ಲಿ ಬೈಕಿನಿಂದ ಬಿದ್ದ ಹೆಂಗಸೊಬ್ಬಳನ್ನು ಕರೆತಂದರು. ತಲೆಯ ಸ್ಕ್ಯಾನನ್ನು ಡಿಸ್ಕಿಗೆ ಬರೆದು, ಲಿಫ್ಟಿಗೆ ಕಾಯದೆ ನರ್ಸ್ ಮೆಟ್ಟಿಲು ಹತ್ತಿ ಓಡಿದರು. ನಾನು ಅವರಿಗೆ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತೆ.

ಮಧ್ಯಾಹ್ನದೊಳಗೆ ಎರಡೂ ಸರಿಯಾದವು. ಡಾಕ್ಟರು ಕೇಳಿದ್ದು ಇಷ್ಟೇ: "ದೋ ಥೇ ನಾ?"

ಎರಡಿದ್ದವು ಎಂದೆ. ಚೀಲ ಎತ್ತಿಕೊಂಡು ಹೊರಟೆ.

ಕಂಪನಿಗೆ ಕೊಡುವ ವರದಿಯಲ್ಲಿ ಡ್ರಿಲ್ ಮತ್ತು ಎಸಿ ನೀರು ಎಂದು ಬರೆದೆ; ಕೇಬಲ್ ಎಳೆದಿದ್ದ ಹಿರಿಯರ ಸಹಿಯೂ ಬೇಕಿದ್ದುದರಿಂದ ಅವರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

"ಆರು ವಾರ ನಿಮ್ಗೆ ಮೇಲ್ ಬರ್ಲಿಲ್ವಾ?"

"ನಾನೇ ನಿಲ್ಲಿಸಿದ್ದೆ ಸಾರ್."

"ಅದನ್ನೂ ಬರೀರಿ. ಮತ್ತೆ ಸಹಿ ಹಾಕ್ತೇನೆ."

ಬರೆದೆ. ಆಸ್ಪತ್ರೆಗಳ ಕೆಲಸದಿಂದ ನನ್ನನ್ನು ತೆಗೆದು ರಬಾಳೆಯ ಒಂದು ಗೋದಾಮಿಗೆ ಹಾಕಿದರು. ಬೇಸರವಾಯಿತು, ಅನ್ಯಾಯ ಅನ್ನಿಸಲಿಲ್ಲ. ಆ ಹೆಂಗಸು ವಾರದೊಳಗೆ ಮನೆಗೆ ಹೋದಳೆಂದು ಹಿರಿಯರೇ ವಿಚಾರಿಸಿ ಫೋನ್ ಮಾಡಿ ತಿಳಿಸಿದರು.