ಒಗೆಯುವ ಕಲ್ಲಿನ ಅಡಿಯ ಕೈ

ಒದ್ದೆ ಕಲ್ಲೂ ಬಾರ್ ಸೋಪೂ ಸೇರಿ ಒಂದು ವಾಸನೆ ಹುಟ್ಟುತ್ತದೆ. ಮನೆಗೆ ವಾಷಿಂಗ್ ಮೆಷಿನ್ ಬಂದ ಮೇಲೆ ನಾನು ಅದನ್ನು ಮರೆತೇಬಿಟ್ಟಿದ್ದೆ. ಈಗ ಮಗಳು ಬಾಳಂತನಕ್ಕೆ ಬಂದಿದ್ದಾಳೆ. ಮೊಮ್ಮಗಳಿಗೆ ಇವತ್ತಿಗೆ ಹದಿಮೂರು ದಿನ. ಅವಳ ಬಟ್ಟೆಯನ್ನು ಮೆಷಿನ್ನಿಗೆ ಹಾಕಲು ನಾನು ಬಿಡುವುದಿಲ್ಲ. ಅಂಗೈಯಗಲದ ಅಂಗಿ, ಕರ್ಚೀಫಿನಷ್ಟು ಲಂಗೋಟಿ... ಅವನ್ನು ಹಿಂಡುವಾಗ ಆಗುವ ಖುಷಿಯನ್ನು ಹೇಗೆ ಬರೆಯಲಿ! ಅವಳು ಆಕಳಿಸಿದರೂ ನನಗೆ ಹಬ್ಬ. ಸೀನಿದರಂತೂ ಹತ್ತು ಮನೆಗೆ ಹೇಳಿಕೊಂಡು ಬರುತ್ತೇನೆ.

ಮೊನ್ನೆ ಹಿತ್ತಲಲ್ಲಿ ಒಗೆಯುತ್ತಿದ್ದಾಗ ಸೋಪು ಕೈಜಾರಿ ಕಲ್ಲಿನ ಅಡಿಯ ಸಂದಿಗೆ ಹೋಯಿತು. ತೆಗೆಯಲು ಬಗ್ಗಿದೆ. ಕೈ ಮುಂದೆ ಹೋಗಲಿಲ್ಲ. ಇದು ಸಿಮೆಂಟಿನ ಕಲ್ಲು, ಅಡಿಯಲ್ಲಿ ಏನೂ ಇಲ್ಲ, ನನಗೆ ಗೊತ್ತು. ಆದರೂ ಸೋಪನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಮೂವತ್ತಮೂರು ವರ್ಷದ ಹಿಂದೆ ನಮ್ಮ ಮನೆ ಬಾರಕೂರಿನ ಹಳೇ ಕೋಟೆಯ ಹತ್ತಿರ ಇತ್ತು. ಬೇಲಿಯಾಚೆ ಒಬ್ಬರು ಅಕ್ಕ ಇದ್ದರು. ಆಚೆಮನೆ ಅಕ್ಕ ಅಂತಲೇ ಕರೆಯುತ್ತಿದ್ದೆ. ಗಂಡ ಬೊಂಬಾಯಿ ಹೋಟೆಲಿನಲ್ಲಿ, ಎರಡು ವರ್ಷಕ್ಕೊಮ್ಮೆ ಬಂದರೆ ಬಂದ. ಮಕ್ಕಳಿಲ್ಲ. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಾ ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದರು. "ಹ್ವಾಯ್, ಎಂತ ಅವಸ್ರ? ಮನೆಯಲ್ ಹೆಂಡ್ತಿ ಬೈದ್ಲಾ?" ಎಂದು ಕೇಳಿ ತಾವೇ ನಗುವವರು.

ಕೋಟೆ ಎಂದರೆ ಮುರಿದ ಗೋಡೆ, ಮುಳ್ಳು, ಒಂದು ಪಾಳು ಕೆರೆ. ಮಟಮಟ ಮಧ್ಯಾಹ್ನ ಅಲ್ಲಿ ಒಬ್ಬಳು ಹೆಂಗಸು ಕೈಯೆತ್ತಿ ನಿಲ್ಲುತ್ತಾಳೆ ಎಂದು ಊರಲ್ಲಿ ಹೇಳುತ್ತಿದ್ದರು. ಹಾಲು ಕುಡಿಯುವ ಮಗುವನ್ನು ಬಿಟ್ಟು ಗಂಡನ ಚಿತೆಗೆ ಹಾರಿದವಳಂತೆ. ಬಸುರಿಯರನ್ನು ಕಂಡರೆ ತನ್ನ ಮಗುವನ್ನು ಕೊಡು ಎಂದು ಕೇಳುತ್ತಾಳಂತೆ. ಹಾಗಾಗಿ ಬಸುರಾದಾಗ ಯಾರೂ ಆ ದಿಕ್ಕಿಗೆ ಹೋಗುತ್ತಿರಲಿಲ್ಲ. ನಾನೂ ಹೋದವಳಲ್ಲ. ಆದರೂ ನನ್ನ ಎರಡು ಬಸಿರು ನಿಲ್ಲಲಿಲ್ಲ. ಒಂದು ಮೂರು ತಿಂಗಳಿಗೆ ಹೋಯಿತು, ಇನ್ನೊಂದು ಐದಕ್ಕೆ...

ಮೂರನೆಯದಕ್ಕೆ ನಾಲ್ಕು ತುಂಬಿದಾಗ, ಒಂದು ಬೆಳಿಗ್ಗೆ, ಹೀಗೇ ಸೋಪು ಜಾರಿತು. ಆ ಕಲ್ಲು ನಾನು ಮದುವೆಯಾಗಿ ಬಂದಾಗ ಯಜಮಾನರು ನನಗೆಂದೇ ತಂದು ಹಾಕಿದ್ದು. ನುಣ್ಣಗಿನ ಚಪ್ಪಟೆ ಕಲ್ಲು. ಅಡಿಗೆ ಕೈ ಹಾಕಿ ಸೋಪು ಹುಡುಕಿದೆ. ನನ್ನ ಬೆರಳುಗಳಿಗೆ ಬೆರಳುಗಳು ಸಿಕ್ಕವು. ತಣ್ಣಗೆ, ಒದ್ದೆಯಾಗಿ, ಒಂದರ ಪಕ್ಕ ಒಂದು. ಎಣಿಸಿದವಳಂತೆ ಐದನ್ನೂ ಮುಟ್ಟಿದೆ. ಆಮೇಲೆ ಕಿರುಚಿದೆ.

ಅಕ್ಕ ಬೇಲಿ ಹಾರಿಕೊಂಡೇ ಬಂದರು. "ಎಂತಾಯ್ತೆ ಮಾರಾಯ್ತಿ? ಹಾವಾ?" ಅಂದವರು ತಾವೂ ಕೈ ಹಾಕಿ ನೋಡಿದರು. ಸದಾ ನಗುವವರ ಮುಖ ಗಂಭೀರವಾಯಿತು. ಹಾರೆ ತಂದು ಕಲ್ಲಿನ ಅಂಚನ್ನು ಎತ್ತಿದರು. ಅಡಿಯಲ್ಲಿ ಮಣ್ಣು ಮೆತ್ತಿದ ಒಂದು ಹೆಣ್ಣಿನ ತೋಳು, ಮೊಣಕೈಯಿಂದ ಮೇಲೆದ್ದದ್ದು. ತೆರೆದ ಅಂಗೈ. ಮಣಿಕಟ್ಟಿನಲ್ಲಿ ಬಳೆ.

"ಮಾಸ್ತಿಕಲ್ಲ್ ಇದ್," ಅಂದರು ಅಕ್ಕ. ಚಿತೆಗೆ ಹಾರಿದವಳ ನೆನಪಿಗೆ, ಬಳೆ ತೊಟ್ಟ ಅವಳ ಕೈ ಕೆತ್ತಿ ನಿಲ್ಲಿಸಿದ ಕಲ್ಲು. ಅವಳನ್ನು ಮಕಾಡೆ ಮಲಗಿಸಿ, ಮೂರು ವರ್ಷ ಅವಳ ಬೆನ್ನ ಮೇಲೆ ನಾನು ಬಟ್ಟೆ ಬಡಿದಿದ್ದೆ.

ಯಜಮಾನರಿಗೆ ಹೇಳಿದರೆ ನಕ್ಕರು. "ಕೋಟೆಯಲ್ ಬಿದ್ಕಂಡಿತ್ತ್, ತಕಂಡ್ ಬಂದೆ. ಕಲ್ಲಿಗ್ ಹೆದ್ರುಕೆ ನಿಂಗ್ ಮರ್ಳಾ? ಸೋಪ್ ಸಿಕ್ತಲ್ಲ, ಸಾಕ್." ನನಗೆ ಊಟ ಸೇರಲಿಲ್ಲ. ಹೊಟ್ಟೆಯ ಮೇಲಿಂದ ಕೈ ತೆಗೆಯಲು ಹೆದರಿಕೆ. ಕಿಬ್ಬೊಟ್ಟೆಯಲ್ಲಿ ಸಣ್ಣ ನೋವು ಬಂದರೂ, ಇವತ್ತೇ, ಇವತ್ತೇ ಅನ್ನಿಸುತ್ತಿತ್ತು.

ಮೂರನೇ ದಿನ ಯಜಮಾನರು ಕೆಲಸಕ್ಕೆ ಹೋದ ಮೇಲೆ ಅಕ್ಕ ಬಂದರು. "ಕಲ್ಲ್ ತಿರ್ಗಿ ಇಟ್ಟ್ ಬಪ್ಪ. ಮಧ್ಯಾಹ್ನವೇ ಹೋಯ್ಕ್."

"ಅಯ್ಯೋ, ಅಕ್ಕ, ಅದೇ ಹೊತ್ತಿಗೆ ಅವ್ಳ್ ಬಪ್ಪುದಂಬ್ರ್!"

"ಅದ್ಕೇ ಹೇಳದ್ದ್. ಅವ್ಳ್ ಇಲ್ದಿದ್ದ್ ಹೊತ್ತಿಗ್ ಹೋರೆ, ಕಲ್ಲ್ ಯಾರಿಗ್ ಒಪ್ಪಿಸೂದ್?"

ತೆಂಗಿನ ಮಡಲಿನ ಮೇಲೆ ಕಲ್ಲನ್ನು ಉರುಳಿಸಿ, ಮೇಲೆ ಹಾರೆ ಇಟ್ಟು, ಹಗ್ಗ ಕಟ್ಟಿ ಅಕ್ಕ ಒಬ್ಬರೇ ಎಳೆದರು. ನನಗೆ ಹಗ್ಗ ಮುಟ್ಟಲೂ ಬಿಡಲಿಲ್ಲ. ದಾರಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಿಸಿಲಿಗೆ ನಮ್ಮ ನೆರಳು ಕಾಲಡಿಗೇ ಮುದುಡಿತ್ತು. ಮಡಲು ಕರಕರ ಎನ್ನುವುದೊಂದೇ ಸದ್ದು. ಕೋಟೆಯ ಕಂದಕ ಬಂದಾಗ ಅಕ್ಕ ಬೆವರು ಒರೆಸಿಕೊಂಡು, "ನೀ ಇಲ್ಲೇ ಕೂಕೋ. ಎಂತ ಕೇಂಡ್ರೂ ಒಳ್ಗ್ ಬಪ್ಪುಕಾಗ," ಎಂದು ಗೋಡೆಯ ಹಿಂದೆ ಮರೆಯಾದರು.

ಕುಳಿತೆ. ಎಲೆ ಅಲುಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ದಪ್... ದಪ್... ಎಂದು ಕೇಳಿಸಿತು. ಯಾರೋ ಬಟ್ಟೆ ಬಡಿಯುವ ಹಾಗೆ. ನಾನು ಬಡಿಯುವ ಹಾಗೇ. ಆಮೇಲೆ ಅದೂ ನಿಂತಿತು. "ಅಕ್ಕಾ" ಎಂದು ಕೂಗಿದೆ. ಮತ್ತೆ ಕೂಗಿದೆ. ಓಡಿ ಮನೆಗೆ ಹೋಗಬೇಕೆನ್ನಿಸಿತು. ಆದರೆ ನನಗಾಗಿ ಹೋದವರನ್ನು ಬಿಟ್ಟು ಓಡುವುದು ಹೇಗೆ? ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆಯ ತನಕ ಹೋಗಿ ಇಣುಕಿದೆ.

ಕಲ್ಲು ನಿಂತಿತ್ತು. ಅದರ ಬುಡದ ಮಣ್ಣನ್ನು ಹಾರೆಯಿಂದ ಬಡಿದು ಗಟ್ಟಿ ಮಾಡಿದ್ದರು. ಸದ್ದು ಅದರದ್ದು. ಅಕ್ಕ ಕೆರೆಯ ನೀರು ತಂದು ತೆಂಗಿನ ನಾರಿನಿಂದ ಆ ಕೈಯನ್ನು ತಿಕ್ಕುತ್ತಿದ್ದರು, ಪುಟ್ಟ ಹುಡುಗಿಗೆ ಸ್ನಾನ ಮಾಡಿಸುವವರ ಹಾಗೆ. ಬೆರಳ ಸಂದಿಯಲ್ಲಿ ನನ್ನ ಸೋಪು ಇನ್ನೂ ಬಿಳಿಯಾಗಿ ಮೆತ್ತಿಕೊಂಡಿತ್ತು. ಅಕ್ಕ ಮೆಲ್ಲಗೆ ಮಾತಾಡುತ್ತಿದ್ದರು.

"ಗೊತ್ತಿಲ್ದೆ ಮಾಡಿತ್ ಆ ಹೆಣ್ಣ್. ಅದ್ರ್ ಹೊಟ್ಟೆಗ್ ಕೈ ಹಾಕ್ಬೇಡ. ಯಾರಾರೂ ಬೇಕೇ ಬೇಕಂದ್ರೆ ನಾನಿದ್ದೆ. ನಂಗ್ ಹಿಂದಿಲ್ಲೆ ಮುಂದಿಲ್ಲೆ."

ಆಗ ನಾನು ಒಂದು ಮಾತು ಆಡಬೇಕಿತ್ತು. "ಅಕ್ಕ, ಹಾಂಗ್ ಹೇಳ್ಬೇಡಿ" ಎಂದಿದ್ದರೆ ಸಾಕಿತ್ತು. ಆಡಲಿಲ್ಲ. ಕೂಸು ಉಳಿಯಲಿ ಅನ್ನುವ ಆಸೆ ನನ್ನ ಬಾಯಿ ಕಟ್ಟಿತು. ಸದ್ದಿಲ್ಲದೆ ಹಿಂದೆ ಬಂದು, ಏನೂ ಕೇಳದವಳ ಹಾಗೆ ಕಂದಕದ ಹತ್ತಿರ ಕುಳಿತೆ. ಹೊರಗೆ ಬಂದ ಅಕ್ಕ ನಕ್ಕರು. "ಎರಡ್ ಸಲ ಕೂಗ್ದಿಯಲ್ಲೆ ಪುಕ್ಕಲಿ. ಅಂಥ ಜಾಗದಂಗೆ ಓ ಅಂಬ್ಕಾತ್ತಾ?" ಅಲ್ಲಿ ಕರೆದರೆ ಓಗೊಡಬಾರದು ಎಂದು ಅವರ ನಂಬಿಕೆ.

ಐದು ತಿಂಗಳು ಕಳೆದು ಮಗಳು ಹುಟ್ಟಿದಳು. ಮೊದಲು ಎಣ್ಣೆ ಹಚ್ಚಿ ಮೀಯಿಸಿದವರು ಅಕ್ಕನೇ. ಮಗುವಿಗೆ ಮೂರು ತಿಂಗಳಾಗುವಾಗ ಅವರಿಗೆ ಜ್ವರ ಹಿಡಿಯಿತು. ಕಣ್ಣು ಹಳದಿಯಾಯಿತು. ಡಾಕ್ಟರು ಕಾಮಾಲೆ ಅಂದರು, ಊರವರು ಕೋಟೆಯವಳ ಕಾಟ ಅಂದರು. ಹತ್ತೇ ದಿನ. ಗಂಡ ಬೊಂಬಾಯಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು... ಗೋಡೆಯ ಹಿಂದೆ ನಾನು ಕೇಳಿದ್ದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಕಾಮಾಲೆಯೇ ಇರಬೇಕು. ಅದೇ ಆಗಿರಲಿ ಎಂದು ದಿನಾ ದೇವರಲ್ಲಿ ಬೇಡುತ್ತೇನೆ.

ನಿನ್ನೆ ಮೊಮ್ಮಗಳ ನಾಮಕರಣ. ಅಳಿಯ ತೊಟ್ಟಿಲ ಹತ್ತಿರ ಕರೆದು, "ಅತ್ತೆ, ಹೆಸ್ರ್ ನೀವೇ ಹೇಳಿ" ಅಂದ. ಮೈಯೆಲ್ಲ ಹಿಗ್ಗಿತು. ಅಕ್ಕನ ಹೆಸರನ್ನೇ ಇಡಬೇಕೆಂದು ಬಗ್ಗಿದೆ. ಕೂಸಿನ ಕಿವಿ ಮಲ್ಲಿಗೆಯ ಎಸಳಿನಷ್ಟು ತೆಳು. ಹೆಸರು ನಾಲಿಗೆಯ ತುದಿಗೆ ಬಂತು. ಆಗಲೇ ಗೋಡೆಯ ಹಿಂದೆ ಕೇಳಿದ್ದು ನೆನಪಾಯಿತು. ಅಕ್ಕ ಕೊಟ್ಟ ಮಾತು ತೀರಿದೆಯೋ ಇಲ್ಲವೋ, ಈ ಹೆಸರು ಕೇಳಿ ಕೋಟೆಯವಳು ಮತ್ತೆ ತಿರುಗಿ ನೋಡಿದರೆ?

ದೇವಿಯ ಹೆಸರೊಂದನ್ನು ಹೇಳಿ ಎದ್ದೆ. "ಚಂದ ಇತ್ತಮ್ಮ," ಅಂದಳು ಮಗಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಕ್ಕನ ಹೆಸರು ಬಲ್ಲವರು ಈಗ ಊರಲ್ಲಿ ಯಾರೂ ಉಳಿದಿಲ್ಲ. ಇರುವವಳು ನಾನೊಬ್ಬಳು. ನನಗೂ ಹೇಳಲು ಬಾಯಿ ಬರಲಿಲ್ಲ.