ಇಬ್ಬರಿಗೆ ಒಂದೇ ಗ್ಲೌಸು

ಹೋದ ವಾರ, ಹೊಸ ಚಪ್ಪಲಿ ಕಾಲು ಕಚ್ಚುತ್ತದೆಂದು ಅದರ ಪಟ್ಟಿಗೆ ಕೊಬ್ಬರಿ ಎಣ್ಣೆ ಸವರುತ್ತಾ ಕೂತಿದ್ದೆ. ಚರ್ಮವೂ ಎಣ್ಣೆಯೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಲವತ್ತು ವರ್ಷಕ್ಕೂ ಹಿಂದಿನ ಒಂದು ಗ್ಲೌಸು ಮತ್ತೆ ನೆನಪಾಯಿತು. ಅದರ ಹಿಂದೆಯೇ ಅವಳು... ಹೆಸರು ಬೇಡ. ಆಗಲೂ ನಾವು ಅವಳನ್ನು ಮುಳಬಾಗಿಲಿನವಳು ಎಂದೇ ಕರೆಯುತ್ತಿದ್ದೆವು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೋಲಾರದಲ್ಲಿ ಹುಡುಗಿಯರ ಅಂತರ ಕಾಲೇಜು ಸಾಫ್ಟ್‌ಬಾಲ್ ಪಂದ್ಯಾವಳಿ ನಡೆದಿತ್ತು. ಫೈನಲ್ಲಿಗೆ ಬಂದದ್ದು ನಮ್ಮ ಕೋಲಾರದ ತಂಡ ಮತ್ತು ಅವಳ ಮುಳಬಾಗಿಲಿನ ತಂಡ. ಎರಡು ತಂಡಗಳಿಗೂ ಸೇರಿ ಇದ್ದದ್ದು ಒಂದೇ ಸೆಟ್ ಗ್ಲೌಸು, ನಮ್ಮ ಕಾಲೇಜಿನದು. ಫೀಲ್ಡಿಂಗ್ ಮುಗಿಸಿದವರು ತಾವು ನಿಂತ ಜಾಗದಲ್ಲೇ ಬಿಟ್ಟು ಬರಬೇಕು, ಎದುರಾಳಿಗಳು ಬಂದು ಹಾಕಿಕೊಳ್ಳಬೇಕು. ಎಡಗೈಯಲ್ಲಿ ಚೆಂಡು ಎಸೆಯುವವರಿಗೆ ಬಲಗೈಗೆ ಹಾಕುವ ಗ್ಲೌಸು ಬೇಕು. ಅಂಥದ್ದು ಒಂದೇ ಒಂದಿತ್ತು. ಎಡಗೈಯವರು ನಾನು ಮತ್ತು ಅವಳು, ಇಬ್ಬರು. ಇಬ್ಬರೂ ನಿಲ್ಲುತ್ತಿದ್ದದ್ದು ಮೊದಲನೇ ಬೇಸಿನಲ್ಲೇ. ಬೇಸು ಅಂದರೆ ಓಡುವವರು ಮುಟ್ಟಬೇಕಾದ ಗುರುತು, ಹೊಟ್ಟು ತುಂಬಿದ ಗೋಣಿಚೀಲ. ಅದರ ಮೇಲೆ ನಾನು ಗ್ಲೌಸು ಇಟ್ಟರೆ ಅವಳು ಎತ್ತಿಕೊಳ್ಳುತ್ತಿದ್ದಳು, ಅವಳ ಕೈಯ ಬಿಸಿ ಆರುವ ಮೊದಲೇ ನನ್ನ ಕೈ ಅದರೊಳಗೆ ಹೋಗುತ್ತಿತ್ತು.

ಯೂನಿವರ್ಸಿಟಿ ತಂಡಕ್ಕೆ ಮೊದಲನೇ ಬೇಸಿನವಳನ್ನು ಅಲ್ಲೇ ಆರಿಸುವವರಿದ್ದರು. ನಾನೋ, ಅವಳೋ. ನಿಜ ಹೇಳಬೇಕೆಂದರೆ ಅವಳು ನನಗಿಂತ ಚೆನ್ನಾಗಿ ಆಡುತ್ತಿದ್ದಳು. ಅದಕ್ಕೇ ನನಗೆ ಹೊಟ್ಟೆಯುರಿ.

ಕೊನೆಯ ಇನ್ನಿಂಗ್ಸ್. ನಾವು ಒಂದು ರನ್ ಮುಂದಿದ್ದೆವು, ಅವರದು ಬ್ಯಾಟಿಂಗ್. ಗ್ಲೌಸು ಬಿಟ್ಟು ಹೋಗುವಾಗ ಅವಳು ಬಗ್ಗಿ ಏನೋ ಅಂದಳು.

“ದಾರ ಲೂಜಾಗೈತೆ ಕಣೇ... ಗಂಟು ನೋಡ್ಕೋ.”

ಅಂದಳೇ? ಹೆದರಿಸಲು ಅಂದಳೆಂದು ನಾನು ಅಲಕ್ಷ್ಯ ಮಾಡಿದೆನೇ? ಅಥವಾ ಆಮೇಲೆ ನನ್ನ ಮನಸ್ಸೇ ಈ ಮಾತನ್ನು ಹುಟ್ಟಿಸಿಕೊಂಡಿತೇ? ಇಷ್ಟು ವರ್ಷ ಇದೊಂದು ಬಗೆಹರಿಯಲಿಲ್ಲ.

ಇನ್ನೊಂದು ಔಟ್ ಆದರೆ ಕಪ್ಪು ನಮ್ಮದು. ಅವರ ಇಬ್ಬರು ಬೇಸುಗಳಲ್ಲಿ ಓಡಲು ಕಾಯುತ್ತಿದ್ದರು. ಹೊಡೆದ ಚೆಂಡನ್ನು ನಮ್ಮ ಹುಡುಗಿ ಹಿಡಿದು ನೇರ ನನ್ನತ್ತ ಎಸೆದಳು, ನಾನು ಹಿಡಿದರೆ ಔಟ್. ಚೆಂಡು ಗ್ಲೌಸಿಗೆ ಬಿತ್ತು. ಹೆಬ್ಬೆರಳಿನ ಪಕ್ಕದ ಚರ್ಮದ ದಾರ ಬಿಚ್ಚಿಕೊಂಡು, ಚೆಂಡು ಆ ಸಂದಿಯಲ್ಲಿ ತೂರಿಹೋಯಿತು. ಇಬ್ಬರೂ ಓಡಿ ಮುಗಿಸಿದರು, ಅವರಿಗೆ ಎರಡು ರನ್. ಸೋತೆವು.

ನಮ್ಮ ಪಿ.ಟಿ. ಮೇಡಂ ಗ್ಲೌಸು ತಿರುಗಿಸಿ ನೋಡಿ, “ಯಾರೇ ಇದನ್ನ ಬಿಚ್ಚಿದ್ದು?” ಎಂದರು.

“ಅವಳೇ ಮೇಡಂ. ನನ್ ಕಣ್ಣಾರೆ ನೋಡ್ದೆ” ಎಂದೆ. ನೋಡಿರಲಿಲ್ಲ. ಅವಳೇ ಮಾಡಿದ್ದಾಳೆಂದು ಮಾತ್ರ ಆ ಗಳಿಗೆಯಲ್ಲಿ ನನಗೆ ಖಾತ್ರಿಯಾಗಿತ್ತು. ಮೇಡಂ ದೂರು ಬರೆದುಕೊಟ್ಟರು, ನನ್ನ ಹೆಸರು ಹಾಕಲಿಲ್ಲ. ಆಯ್ಕೆಪಟ್ಟಿಯಿಂದ ಅವಳನ್ನು ತೆಗೆದರು. ಅವಳ ಜಾಗಕ್ಕೆ ನಾನು ಹೋದೆ.

ಯೂನಿವರ್ಸಿಟಿ ಶಿಬಿರಕ್ಕೆ ಆ ಗ್ಲೌಸನ್ನೇ ಒಯ್ದಿದ್ದೆ. ಅಲ್ಲಿನ ಕೋಚು ಅದನ್ನು ಮೂಸಿ ನೋಡಿ ನಕ್ಕರು. “ಯಾರಮ್ಮ ಇದಕ್ಕೆ ಇಷ್ಟೊಂದು ಎಣ್ಣೆ ಕುಡಿಸಿರೋದು? ಗಂಟು ಹೆಂಗೆ ನಿಲ್ಲುತ್ತೆ?” ಫೈನಲ್ಲಿನ ಹಿಂದಿನ ಸಂಜೆ, ಗ್ಲೌಸು ಮೆತ್ತಗಾಗಲಿ ಎಂದು ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಹಚ್ಚಿದ್ದು ನಾನೇ. ಆದರೂ ಅವಳು ಬಿಚ್ಚಿರಲೂಬಹುದಲ್ಲ... ಎಂದು ಎಷ್ಟು ವರ್ಷ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ! ಕ್ಷಮೆ ಕೇಳಬೇಕೋ, ಕ್ಷಮಿಸಬೇಕೋ ಗೊತ್ತಾಗದೆ ಸುಮ್ಮನಿದ್ದುಬಿಟ್ಟೆ.

ಅವಳನ್ನು ರಾಯಲ್ಪಾಡಿಗೆ ಕೊಟ್ಟಿದ್ದಾರೆಂದು ಯಾವಾಗಲೋ ಕೇಳಿದ್ದೆ. ಮೊನ್ನೆ ಅದೇ ಊರಿನಲ್ಲೊಂದು ಮದುವೆ. ಆವತ್ತು ಏನಂದೆ ಎಂದು ಈ ಸಲ ಅವಳನ್ನು ಕೇಳಿಯೇಬಿಡಬೇಕೆಂದು ಕರೆಯೋಲೆ ಬಂದ ದಿನವೇ ಅಂದುಕೊಂಡಿದ್ದೆ. ಹೊಸ ಚಪ್ಪಲಿ ತಂದದ್ದೂ ಅದಕ್ಕೇ. ಊಟದ ಪಂಕ್ತಿಯಲ್ಲಿ ವಿಚಾರಿಸಿದಾಗ ಅವಳ ಮಗಳನ್ನು ಕರೆತಂದು ಪಕ್ಕದಲ್ಲಿ ಕೂರಿಸಿದರು. ಅಮ್ಮ ಹೋಗಿ ಎರಡು ವರ್ಷವಾಯಿತು ಎಂದಳು.

“ಸಾಫ್ಟ್‌ಬಾಲ್ ವಿಷಯ ಏನಾದ್ರೂ ಹೇಳ್ತಿದ್ರೇನಮ್ಮ?” ಎಂದು ಕೇಳಿದೆ.

“ಅಯ್ಯೋ, ಅದೇ ಹೇಳ್ತಿದ್ರು ಆಂಟಿ. ಯಾರೋ ಸುಳ್ಳು ದೂರು ಕೊಟ್ರಂತೆ. ಯಾರು ಅಂತ ಕೊನೇವರ್ಗೂ ಗೊತ್ತಾಗ್ಲಿಲ್ಲ. ‘ದಾರ ಲೂಜಾಗೈತೆ ಅಂತ ಆ ಕೋಲಾರದ ಹುಡ್ಗಿಗೆ ನಾನೇ ಹೇಳಿದ್ದೆ, ಅವಳನ್ನ ಒಂದ್ಮಾತು ಕೇಳಿದ್ರೆ ನನ್ ಪರವಾಗಿ ಹೇಳ್ತಿದ್ಲು’ ಅನ್ನೋರು ಅಮ್ಮ.” ಆಮೇಲೆ, “ನಿಮಗೆ ಆ ಹುಡ್ಗಿ ಗೊತ್ತಾ ಆಂಟಿ?” ಎಂದಳು.

“ಗೊತ್ತಿಲ್ಲಮ್ಮ” ಎಂದೆ.

ಯಾಕೆ ಹಾಗೆ ಅಂದೆನೋ ಈಗಲೂ ತಿಳಿಯುತ್ತಿಲ್ಲ. ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅಳು ಬಂತು. ಹೌದು, ನೀನು ಅಂದಿದ್ದೆ, ನನಗೆ ಕೇಳಿಸಿತ್ತು... ಇಷ್ಟು ಹೇಳೋಣವೆಂದರೆ ಈಗ ಅವಳಿಲ್ಲ.